ಹಳೆಯ ಬೈಕು, ಹೊರದೇಶದ ರೇಸು: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಜಾವಾ ಮತ್ತು ಯೆಜ್ಡಿ, ಮದ್ರಾಸಿನ ಬುಲೆಟ್, ರಾಜದೂತ್ 350: ನಮ್ಮ ಜಿಲ್ಲೆಯ ಕೊಟ್ಟಿಗೆಗಳಲ್ಲಿ, ಅಡಿಕೆ ಗೋದಾಮುಗಳ ಮೂಲೆಯಲ್ಲಿ ಇವು ಇನ್ನೂ ಸಾಕಷ್ಟಿವೆ. ಇವುಗಳ ಓರಗೆಯ ಗಾಡಿಗಳನ್ನು ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಲ್ಲಿ ಹವ್ಯಾಸಿಗಳು ಇಂದಿಗೂ ರೇಸಿನಲ್ಲಿ ಓಡಿಸುತ್ತಾರೆ ಎಂದು ತಿಳಿದ ಮೇಲೆ ಜನ ಸುಮ್ಮನಿರುವುದಿಲ್ಲ. ಶಿರಸಿಯ ಗ್ಯಾರೇಜುಗಳಲ್ಲಿ, ಕಾರವಾರದ ಚಹಾದಂಗಡಿಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಶುಲ್ಕಗಳು ವರ್ಷ ವರ್ಷಕ್ಕೂ ಬದಲಾಗುವುದರಿಂದ ಅವುಗಳ ಲೆಕ್ಕ ಬರೆದಿಲ್ಲ.

## ಆರಂಭದ ಪ್ರಶ್ನೆಗಳು

ಕ್ಲಾಸಿಕ್ ರೇಸ್ ಎಂದರೆ ಹಳೆಯ ಗಾಡಿಗಳ ಮೆರವಣಿಗೆಯೋ, ನಿಜವಾದ ಸ್ಪರ್ಧೆಯೋ?

ಎರಡೂ ಇವೆ, ಎರಡೂ ಬೇರೆ ಬೇರೆ. ಪರೇಡ್ ಎಂದು ಕರೆಯುವ ಓಟದಲ್ಲಿ ಸಮಯ ಅಳೆಯುವುದಿಲ್ಲ, ಗೆದ್ದವರೆಂದು ಯಾರೂ ಇರುವುದಿಲ್ಲ. ರೇಸ್ ಎಂದರೆ ರೇಸೇ. ಅರವತ್ತು ವರ್ಷ ಹಳೆಯ ನಾರ್ಟನ್ ಎಂಬ ಬ್ರಿಟಿಷ್ ಬೈಕಿನ ಮೇಲೆ ಅರವತ್ತು ವರ್ಷದ ಸವಾರ ಕುಳಿತು, ಮೊಣಕಾಲನ್ನು ಟ್ಯಾಂಕಿಗೆ ಒತ್ತಿಕೊಂಡು, ಪಕ್ಕದವನಿಗೆ ಒಂದು ಗೇಣು ಜಾಗವನ್ನೂ ಬಿಡದೆ ತಿರುವಿಗೆ ಇಳಿಯುತ್ತಾನೆ.

ಸಮಾನರ ನಡುವೆ ಸ್ಪರ್ಧೆ ನಡೆಯಲೆಂದು ಗಾಡಿಗಳನ್ನು ಕಾಲಮಾನದ ಪ್ರಕಾರ ವಿಂಗಡಿಸುತ್ತಾರೆ. ಆಸ್ಟ್ರೇಲಿಯಾದ ವಿಂಗಡಣೆ ಅರ್ಥಮಾಡಿಕೊಳ್ಳಲು ಸುಲಭ: 1920ರಿಂದ 1945ರವರೆಗಿನವು ವಿಂಟೇಜ್, 1946ರಿಂದ 1962 ಕ್ಲಾಸಿಕ್, 1963ರಿಂದ 1972 ಪೋಸ್ಟ್ ಕ್ಲಾಸಿಕ್, 1973ರಿಂದ 1982 ಫರ್ಗಾಟನ್ ಎರಾ, 1983ರಿಂದ 1990 ನ್ಯೂ ಎರಾ. ಪ್ರತಿ ಕಾಲಮಾನದೊಳಗೂ ಸಿಸಿ ಪ್ರಕಾರ ಮತ್ತೆ ವರ್ಗಗಳಿವೆ. ಬೇರೆ ದೇಶಗಳಲ್ಲಿ ಹೆಸರು ಮತ್ತು ಗಡುವಿನ ವರ್ಷ ಬದಲಾಗುತ್ತವೆ, ತತ್ವ ಒಂದೇ.

ನಮ್ಮ ಮನೆಯಲ್ಲಿರುವ ಗಾಡಿ ಯಾವ ವರ್ಗಕ್ಕೆ ಬರುತ್ತದೆ?

ಮೈಸೂರಿನ ಕಾರ್ಖಾನೆಯಿಂದ ಜಾವಾ 250 ಹೊರಬರತೊಡಗಿದ್ದು 1961ರಲ್ಲಿ. ಅದರ ವಿನ್ಯಾಸ ಕ್ಲಾಸಿಕ್ ಕಾಲದ್ದು. 1978ರ ಯೆಜ್ಡಿ ರೋಡ್‌ಕಿಂಗ್ ಫರ್ಗಾಟನ್ ಎರಾಕ್ಕೆ ಸೇರುತ್ತದೆ. ರಾಜದೂತ್ 350 ತಕರಾರಿನ ಗಾಡಿ. ಯಮಾಹಾ ಆರ್‌ಡಿ 350 ಜಪಾನಿನಲ್ಲಿ 1973ರ ಮಾದರಿ, ನಮ್ಮಲ್ಲಿ ತಯಾರಾದದ್ದು 1983ರಿಂದ. ತಯಾರಿಕೆಯ ವರ್ಷ ನೋಡುವ ಕ್ಲಬ್ಬುಗಳಿವೆ, ವಿನ್ಯಾಸದ ಕಾಲ ನೋಡುವ ಕ್ಲಬ್ಬುಗಳೂ ಇವೆ. ಪ್ರತಿ ಕ್ಲಬ್ಬಿನಲ್ಲೂ ಇದನ್ನು ತೀರ್ಮಾನಿಸುವ ಒಬ್ಬ ಅಧಿಕಾರಿ ಇರುತ್ತಾರೆ. ಎರಡೂ ಬದಿಯ ಚಿತ್ರ, ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಅವರಿಗೆ ಕಳುಹಿಸಿ ಲಿಖಿತ ಉತ್ತರ ಪಡೆಯಿರಿ. ಉತ್ತರ ಕೈಗೆ ಬರುವವರೆಗೆ ಗಾಡಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ.

ಇನ್ನೊಂದು ತೊಡಕು ಟಯರಿನದು. ಹಳೆಯ ಜಾವಾದ ಚಕ್ರ 16 ಇಂಚಿನದು, ಆ ಅಳತೆಗೆ ಒಳ್ಳೆಯ ರೇಸ್ ಟಯರು ಹುಡುಕುವುದು ಕಷ್ಟ. ರೋಡ್‌ಕಿಂಗ್ ಮತ್ತು ಆರ್‌ಡಿಯ 18 ಇಂಚಿಗೆ ಆಯ್ಕೆ ಧಾರಾಳವಾಗಿದೆ.

ನನಗೆ ಐವತ್ತೈದು. ತಡವಾಯಿತಲ್ಲವೇ?

ಈ ಆಟದಲ್ಲಿ ಐವತ್ತೈದು ಎಂದರೆ ಸರಾಸರಿ ವಯಸ್ಸು. ಬರ್ಟ್ ಮನ್ರೋ ಅವರ ವಿಷಯ ಇಲ್ಲಿ ಹೇಳಲೇಬೇಕು. 1899ರಲ್ಲಿ ಹುಟ್ಟಿದವರು. ಊರು ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್. ಕಾರ್ಖಾನೆ ತಂಡವಿಲ್ಲ, ಹಣವಿಲ್ಲ. 1920ರ ಇಂಡಿಯನ್ ಸ್ಕೌಟ್ ಎಂಬ ಒಂದೇ ಬೈಕನ್ನು ಜೀವನವಿಡೀ ತಿದ್ದುತ್ತ ಹೋದರು. ಕೊಂಡಾಗ ಅದು ಗಂಟೆಗೆ ತೊಂಬತ್ತು ಕಿಲೋಮೀಟರನ್ನೂ ದಾಟದ ಗಾಡಿ. ಪಿಸ್ಟನ್ನುಗಳನ್ನು ತಮ್ಮ ಶೆಡ್ಡಿನಲ್ಲೇ ಎರಕ ಹೊಯ್ದರು. ಅದನ್ನು ಸಮುದ್ರ ದಾಟಿಸಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿಗೆ ಒಯ್ದು, 1967ರಲ್ಲಿ, ಅಂದರೆ 68ನೆಯ ವಯಸ್ಸಿನಲ್ಲಿ, ಗಂಟೆಗೆ 295 ಕಿಲೋಮೀಟರಿಗೂ ಹೆಚ್ಚಿನ ವೇಗದ ದಾಖಲೆ ಬರೆದರು.

ವಯಸ್ಸಿಗಿಂತ ರಕ್ತದೊತ್ತಡ, ಸಕ್ಕರೆ, ಕಣ್ಣು ಮುಖ್ಯ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ರೇಸ್ ಲೈಸೆನ್ಸ್ ಸಿಗುವುದಿಲ್ಲ, ಆ ಪ್ರಮಾಣಪತ್ರವನ್ನು ಪರಿಚಯದ ಡಾಕ್ಟರರಿಂದ ಮುಲಾಜಿಗೆ ಬರೆಸಿಕೊಳ್ಳಬೇಡಿ.

ಮಗಳಿಗೆ ನನಗಿಂತ ಹೆಚ್ಚು ಆಸಕ್ತಿ ಇದೆ. ಹೆಂಗಸರಿಗೆ ಬೇರೆ ವರ್ಗ ಇರುತ್ತದೆಯೇ?

ಸಾಮಾನ್ಯವಾಗಿ ಇಲ್ಲ, ಒಟ್ಟಿಗೇ ಓಡುತ್ತಾರೆ. ಮೊದಲು ಹಾಗಿರಲಿಲ್ಲ. 1962ರಲ್ಲಿ ಬೆರಿಲ್ ಸ್ವೇನ್ 50 ಸಿಸಿ ಬೈಕಿನಲ್ಲಿ, ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಎಂಬ ರಸ್ತೆ ರೇಸಿನಲ್ಲಿ ಒಬ್ಬರೇ ಸವಾರಿ ಮಾಡಿದ ಮೊದಲ ಮಹಿಳೆ. ಅದಾದ ಮೇಲೆ ಸವಾರರ ಕನಿಷ್ಠ ತೂಕದ ನಿಯಮ ತಂದು ಅವರನ್ನು ಹೊರಗಿಟ್ಟರು. ನಮ್ಮ ರಾಜ್ಯದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ) ನಡೆಸುವ ಬಾಹಾ ಎಂಬ ಕಚ್ಚಾದಾರಿ ರ್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಮಗಳನ್ನು ಕಳುಹಿಸಿ, ನೀವು ಸ್ಪ್ಯಾನರ್ ಹಿಡಿದು ಜೊತೆಗೆ ಹೋಗಿ.

ಬಹುಮಾನದ ಹಣದಲ್ಲಿ ಖರ್ಚು ಹುಟ್ಟುತ್ತದೆಯೇ?

ಇಲ್ಲ. ಒಂದು ಕಪ್ಪು, ಒಂದು ಫಲಕ, ಕೈಕುಲುಕು.

ದೇವಿಮನೆ ಘಟ್ಟದಲ್ಲಿ ಬೆಳಗಿನ ಜಾವ ಅಭ್ಯಾಸ ಮಾಡಿದರೆ ಸಾಕಲ್ಲ?

ಸಾಲದು, ಮಾಡಲೂ ಬಾರದು. ಮೋಟಾರು ವಾಹನ ಕಾಯ್ದೆಯ 189ನೆಯ ಕಲಂ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ ನಡೆಸುವುದು ಅಪರಾಧ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬದಿಗಿರಲಿ, ಘಟ್ಟದಲ್ಲಿ ಕಲಿಯುವ ಅಭ್ಯಾಸಗಳೇ ರೇಸಿಗೆ ಒಗ್ಗುವುದಿಲ್ಲ. ಎದುರಿನಿಂದ ಲಾರಿ ಬರಬಹುದೆಂದು ಎಡಕ್ಕೆ ಅಂಟಿಕೊಳ್ಳುವುದು ಇಲ್ಲಿ ಜಾಣತನ. ಟ್ರ್ಯಾಕಿನಲ್ಲಿ ರಸ್ತೆಯ ಪೂರ್ತಿ ಅಗಲ ಬಳಸದವನು ಹಿಂದಿನವರಿಗೆ ಅಡ್ಡಿಯಾಗುತ್ತಾನೆ.

## ಕಲಿಕೆ, ಲೈಸೆನ್ಸ್, ರೇಸಿನ ಆಯ್ಕೆ

ಆರ್‌ಟಿಒ ಲೈಸೆನ್ಸ್ ಇದೆ. ಬೇರೆ ಏನು ಬೇಕು?

ರೇಸ್ ಲೈಸೆನ್ಸ್ ಬೇಕು. ಭಾರತದಲ್ಲಿ ಅದನ್ನು ಕೊಡುವುದು ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ. ಹೊರದೇಶದಲ್ಲಿ ಸ್ಪರ್ಧಿಸಬೇಕಾದರೆ ಲೈಸೆನ್ಸಿನ ಜೊತೆಗೆ ನಿಮ್ಮ ಒಕ್ಕೂಟದ ಅನುಮತಿ ಪತ್ರವನ್ನೂ ಕೇಳುತ್ತಾರೆ, ಅದಿಲ್ಲದೆ ಅಲ್ಲಿನ ಸಂಘಟಕರು ಪ್ರವೇಶ ಒಪ್ಪುವುದಿಲ್ಲ. ಟಿಕೆಟ್ ಕಾಯ್ದಿರಿಸುವ ಮೊದಲೇ ಅರ್ಜಿ ಹಾಕಿ. ವೀಸಾಕ್ಕೂ ಸಂಘಟಕರ ಆಹ್ವಾನ ಪತ್ರ ಬೇಕಾಗುವುದರಿಂದ ಒಂದು ಕಾಗದ ತಡವಾದರೆ ಉಳಿದವೂ ತಡವಾಗುತ್ತವೆ.

ಕಲಿಯಲು ಹತ್ತಿರದ ದಾರಿ ಚೆನ್ನೈ ಮತ್ತು ಕೊಯಮತ್ತೂರು. ಚೆನ್ನೈ–ಬೆಂಗಳೂರು ಹೆದ್ದಾರಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿಲೋಮೀಟರಿನದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನದು. ಎರಡೂ ಕಡೆ ಹೊಸಬರಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ಹೊಸ ಗಾಡಿಯಲ್ಲಿ ಕಲಿತರೂ ನಷ್ಟವಿಲ್ಲ. ತಿರುವಿನ ಗೆರೆ ಹಿಡಿಯುವುದು, ಬಾವುಟ ನೋಡುವುದು, ಗುಂಪಿನಲ್ಲಿ ಹೆದರದೆ ಓಡಿಸುವುದು ಎಲ್ಲ ಗಾಡಿಗಳಿಗೂ ಒಂದೇ.

ಐಲ್ ಆಫ್ ಮ್ಯಾನ್‌ನಲ್ಲೇ ಮೊದಲ ರೇಸ್ ಓಡಬೇಕೆಂಬ ಆಸೆ. ಆಗುತ್ತದೆಯೇ?

ಆಗುವುದಿಲ್ಲ, ಆಗಬಾರದು ಕೂಡ. ಅಲ್ಲಿನ ಮೌಂಟನ್ ಕೋರ್ಸ್ ಊರು, ಹೊಲ, ಬೆಟ್ಟಗಳ ನಡುವಿನ ಸಾಮಾನ್ಯ ರಸ್ತೆ. ರೇಸಿನ ದಿನ ಮಾತ್ರ ಮುಚ್ಚುತ್ತಾರೆ. ಒಂದು ಸುತ್ತಿಗೆ 60.7 ಕಿಲೋಮೀಟರು, ಇನ್ನೂರಕ್ಕೂ ಹೆಚ್ಚು ತಿರುವು. ಸಮುದ್ರಮಟ್ಟದ ಆಸುಪಾಸಿನಿಂದ 422 ಮೀಟರ್ ಎತ್ತರದವರೆಗೆ ಏರಿ ಇಳಿಯುತ್ತದೆ. ಶಿರಸಿಯಿಂದ ಕುಮಟಾಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಇಂದಿನ ಅತಿ ವೇಗದ ಬೈಕುಗಳು ಆ ಸುತ್ತನ್ನು ಹದಿನೇಳು ನಿಮಿಷದೊಳಗೆ ಮುಗಿಸುತ್ತವೆ. ಬದಿಯಲ್ಲಿ ಮರಳಿನ ಹಾಸಿಲ್ಲ. ಇರುವುದು ಕಲ್ಲಿನ ಗೋಡೆ, ಮನೆಯ ಬಾಗಿಲು, ದೀಪದ ಕಂಬ. 1911ರಿಂದ ಈಚೆಗೆ 250ಕ್ಕೂ ಹೆಚ್ಚು ಸವಾರರು ಆ ರಸ್ತೆಯಲ್ಲಿ ಪ್ರಾಣ ಬಿಟ್ಟಿದ್ದಾರೆ.

ಹವ್ಯಾಸಿಗಳಿಗೆಂದೇ 1923ರಲ್ಲಿ ಆರಂಭವಾದದ್ದು ಮ್ಯಾಂಕ್ಸ್ ಗ್ರ್ಯಾಂಡ್ ಪ್ರಿ. ಈಗ ಕ್ಲಾಸಿಕ್ ಬೈಕುಗಳ ದೊಡ್ಡ ರೇಸುಗಳು ಅದರ ಭಾಗವಾಗಿ ಆಗಸ್ಟಿನಲ್ಲಿ ನಡೆಯುತ್ತವೆ. ಅದಕ್ಕೆ ಮೌಂಟನ್ ಕೋರ್ಸ್ ಲೈಸೆನ್ಸ್ ಎಂಬ ಪ್ರತ್ಯೇಕ ಪರವಾನಗಿ ಬೇಕು. ಬೇರೆಡೆ ರೇಸುಗಳನ್ನು ಮುಗಿಸಿದ ದಾಖಲೆ ತೋರಿಸಿದವರಿಗೆ ಮಾತ್ರ ಅದು ಸಿಗುತ್ತದೆ. ಹೊಸಬರು ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಓಡಬೇಕು. ಅಲ್ಲಿಗೆ ಮೊದಲು ಪ್ರೇಕ್ಷಕರಾಗಿ ಹೋಗಿ, ಬೆಟ್ಟದ ಹುಲ್ಲಿನ ಮೇಲೆ ಕುಳಿತು ನೋಡಿ. ನೋಡಿ ಬಂದ ಮೇಲೂ ಆಸೆ ಉಳಿದಿದ್ದರೆ ಆಗ ಮಾತಾಡೋಣ.

ಹಾಗಾದರೆ ಮೊದಲ ರೇಸ್ ಎಲ್ಲಿ?

ಬದಿಯಲ್ಲಿ ಬೀಳಲು ಜಾಗವಿರುವ ಮುಚ್ಚಿದ ಟ್ರ್ಯಾಕಿನಲ್ಲಿ. ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಕ್ಲಾಸಿಕ್ ಜನವರಿಯಲ್ಲಿ ನಡೆಯುತ್ತ ಬಂದಿದೆ, 4.445 ಕಿಲೋಮೀಟರಿನ, ಸಮುದ್ರದ ದಂಡೆಯ ಟ್ರ್ಯಾಕ್ ಅದು. ಕಾರವಾರದವರಿಗೆ ಗಾಳಿಯ ಉಪ್ಪು ಹೊಸದಲ್ಲ, ಆದರೆ ಆ ಗಾಳಿ ಬೈಕನ್ನು ಒಂದು ಮಾರು ಪಕ್ಕಕ್ಕೆ ತಳ್ಳುವುದು ಹೊಸದು. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್‌ನಲ್ಲಿ ಮನ್ರೋ ಹೆಸರಿನ ಉತ್ಸವ ಫೆಬ್ರುವರಿಯಲ್ಲಿ ನಡೆಯುತ್ತದೆ. ಅಮೆರಿಕದ ಅಲಬಾಮಾದ ಬಾರ್ಬರ್ ಉತ್ಸವ ಅಕ್ಟೋಬರಿನಲ್ಲಿ. ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಸೆಪ್ಟೆಂಬರಿನದು, ಅದಕ್ಕೆ ಅವರು ಕರೆದರೆ ಮಾತ್ರ ಹೋಗಬೇಕು, ಅರ್ಜಿ ಹಾಕಿ ಪ್ರಯೋಜನವಿಲ್ಲ. ನನ್ನ ಮಟ್ಟಿಗೆ ಮೊದಲ ಸಲಕ್ಕೆ ಇಂಗ್ಲೆಂಡಿನ ಸಾಧಾರಣ ಕ್ಲಬ್ ರೇಸೇ ಲೇಸು. ಹೆಸರು ದೊಡ್ಡದಲ್ಲ, ಗದ್ದಲವಿಲ್ಲ, ಪಕ್ಕದ ಡೇರೆಯವರು ತಾವಾಗಿ ಬಂದು ಮಾತಾಡಿಸುತ್ತಾರೆ.

ಅಡಿಕೆಯ ಕೊನೆ ಕೊಯ್ಲಿನ ಸಮಯಕ್ಕೇ ಈ ರೇಸುಗಳು ಬರುತ್ತವಲ್ಲ?

ಶಿರಸಿ, ಸಿದ್ದಾಪುರದವರಿಗೆ ಇದು ನಿಜವಾದ ಇಕ್ಕಟ್ಟು. ಜನವರಿ, ಫೆಬ್ರುವರಿ ಎಂದರೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗಾಗಿ ಕಾಯುವ, ಅಂಗಳದ ತುಂಬ ಅಡಿಕೆ ಹರಡಿರುವ ದಿನಗಳು. ಆಗಸ್ಟಿನಲ್ಲಿ ಹೋಗೋಣವೆಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಸಿಂಪಡಣೆ, ಅದರ ಬೆನ್ನಿಗೇ ಚೌತಿ. ತೋಟದವರಿಗೆ ಅಕ್ಟೋಬರಿನ ಅಮೆರಿಕ ಅಥವಾ ಮೇ ತಿಂಗಳ ಇಂಗ್ಲೆಂಡ್ ಸರಿಹೊಂದುತ್ತದೆ. ಬೋಟಿನವರಿಗೆ ಜೂನ್ ಮತ್ತು ಜುಲೈ, ಯಾಂತ್ರಿಕ ಮೀನುಗಾರಿಕೆ ನಿಷೇಧದ ಎರಡು ತಿಂಗಳು. ಇಂಗ್ಲೆಂಡಿನ ಕ್ಲಬ್ ರೇಸುಗಳು ಆಗ ಭರದಲ್ಲಿರುತ್ತವೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ತೊಂದರೆ ಆಗುತ್ತದೆಯೇ?

ಓಡುವಾಗ ಆಗುವುದಿಲ್ಲ. ಬಾವುಟಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಹಳದಿ ಎಂದರೆ ಮುಂದೆ ಅಪಾಯ, ಹಿಂದೆ ಹಾಕುವಂತಿಲ್ಲ, ಹಳದಿಯ ಮೇಲೆ ಕೆಂಪು ಪಟ್ಟೆ ಎಂದರೆ ರಸ್ತೆ ಜಾರುತ್ತಿದೆ, ನೀಲಿ ಎಂದರೆ ವೇಗದವರು ಹಿಂದೆ ಬಂದಿದ್ದಾರೆ, ಕೆಂಪು ಎಂದರೆ ರೇಸ್ ನಿಂತಿತು. ತೊಂದರೆ ಇರುವುದು ಬೆಳಗಿನ ಸವಾರರ ಸಭೆಯಲ್ಲಿ. ಮುಖ್ಯಾಧಿಕಾರಿ ಹತ್ತೇ ನಿಮಿಷದಲ್ಲಿ, ಸ್ಥಳೀಯ ಉಚ್ಚಾರಣೆಯಲ್ಲಿ, ಆ ದಿನದ ಬದಲಾವಣೆಗಳನ್ನೆಲ್ಲ ಹೇಳಿ ಮುಗಿಸುತ್ತಾರೆ. ಅರ್ಥವಾಗದಿದ್ದರೆ ಸಭೆ ಮುಗಿದ ಮೇಲೆ ಅವರ ಹತ್ತಿರವೇ ಹೋಗಿ ಕೇಳಿ. ತಲೆಯಾಡಿಸಿ ಹೊರಬರುವ ನಮ್ಮ ದಾಕ್ಷಿಣ್ಯ ಅಲ್ಲಿ ಅಪಾಯಕಾರಿ.

## ಗಾಡಿಯ ವಿಚಾರ

ನನ್ನ ಬೈಕನ್ನೇ ಒಯ್ಯಬೇಕೇ, ಅಲ್ಲೇ ಬಾಡಿಗೆಗೆ ಸಿಗುತ್ತದೆಯೇ?

ಮೊದಲ ಸಲ ಒಯ್ಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಗಾಡಿ ಸಾಗಿಸುವವನ ಅರ್ಧ ಮನಸ್ಸು ಕಸ್ಟಮ್ಸ್ ಕಟ್ಟೆಯಲ್ಲಿ, ಇನ್ನರ್ಧ ಸೋರುವ ಕಾರ್ಬ್ಯುರೇಟರಿನಲ್ಲಿ ಇರುತ್ತದೆ, ಸವಾರಿಗೆ ಏನೂ ಉಳಿಯುವುದಿಲ್ಲ. ಸಿದ್ಧ ರೇಸ್ ಬೈಕನ್ನು ಮೆಕ್ಯಾನಿಕ್ ಸಮೇತ ಬಾಡಿಗೆಗೆ ಕೊಡುವವರು ಆ ದೇಶಗಳಲ್ಲಿದ್ದಾರೆ. ಹೆಲ್ಮೆಟ್ ಮತ್ತು ಚರ್ಮದ ಸೂಟು ಹಿಡಿದು ಹೋದರೆ ಸಾಕು. ಬಿದ್ದರೆ ರಿಪೇರಿ ಖರ್ಚು ನಿಮ್ಮದು, ಆ ಕರಾರನ್ನು ಸಹಿ ಹಾಕುವ ಮೊದಲು ಎರಡು ಸಲ ಓದಿ.

ನಮ್ಮವರಿಗೆ ಇಲ್ಲೊಂದು ಅನುಕೂಲವೂ ಇದೆ. ಹಳೆಯ ಬ್ರಿಟಿಷ್ ಬೈಕುಗಳ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಎಡಗಾಲಿನ ಗೇರಿಗೆ ಒಗ್ಗಿದ ಇಂಗ್ಲೆಂಡಿನ ಹುಡುಗರೇ ಅದರಲ್ಲಿ ತಡವರಿಸುತ್ತಾರೆ. ಹಳೆಯ ಬುಲೆಟ್ಟಿನಲ್ಲಿ ಒಂದು ಮೇಲೆ, ಮೂರು ಕೆಳಗೆ ಎಂದು ಬಲಗಾಲಿನಲ್ಲಿ ಗೇರು ಹಾಕಿ ಬೆಳೆದವರಿಗೆ ಅದು ಕಲಿಯಬೇಕಾದ ವಿದ್ಯೆಯೇ ಅಲ್ಲ.

ರೇಸಿಗೆ ಮುಂಚಿನ ತಪಾಸಣೆಯಲ್ಲಿ ಏನು ನೋಡುತ್ತಾರೆ?

ಹೊಳಪು ನೋಡುವುದಿಲ್ಲ. ಎಂಜಿನ್ ಎಣ್ಣೆಯ ಡ್ರೈನ್ ಬೋಲ್ಟು ತಾನಾಗಿ ಬಿಚ್ಚದಂತೆ ತಂತಿ ಬಿಗಿದಿದ್ದೀರಾ ಎಂದು ಬಗ್ಗಿ ನೋಡುತ್ತಾರೆ. ಬೋಲ್ಟಿನ ತಲೆಗೆ ಸಣ್ಣ ತೂತು ಕೊರೆದು, ತೆಳು ಸ್ಟೀಲ್ ತಂತಿಯನ್ನು ಎರಡೆಳೆಯಾಗಿ ಹೊಸೆದು, ಬೋಲ್ಟು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಕಟ್ಟಬೇಕು. ದಿಕ್ಕು ತಪ್ಪಿದರೆ ತಂತಿ ಇದ್ದೂ ಇಲ್ಲದಂತೆ. ಹ್ಯಾಂಡಲಿನ ಲಿವರುಗಳ ತುದಿಯಲ್ಲಿ ಕನಿಷ್ಠ 16 ಮಿಲಿಮೀಟರ್ ದಪ್ಪದ ಗುಂಡು ಇರಬೇಕು; ಮುರಿದು ಗರಗಸದಲ್ಲಿ ಕೊಯ್ದ ಲಿವರು ತಕ್ಷಣ ಹೊರಗೆ. ಆ್ಯಕ್ಸಿಲರೇಟರ್ ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಎಂಜಿನ್ನಿನ ಉಸಿರು ಕೊಳವೆಯಿಂದ ಬರುವ ಎಣ್ಣೆ ರಸ್ತೆಗೆ ಬೀಳದಂತೆ ಡಬ್ಬಿ ಇರಬೇಕು. ಸೈಡ್ ಸ್ಟ್ಯಾಂಡ್, ಕನ್ನಡಿ, ದೀಪದ ಗಾಜು ಇವೆಲ್ಲ ಹೋಗಬೇಕು. ಸೈಲೆನ್ಸರಿನ ಶಬ್ದವನ್ನೂ ಅಳೆಯುತ್ತಾರೆ, ಯೆಜ್ಡಿಯವರು ಇದನ್ನು ಗಮನಿಸಬೇಕು.

ಐಎಸ್‌ಐ ಗುರುತಿನ ಹೆಲ್ಮೆಟ್ ನಡೆಯುತ್ತದೆಯೇ?

ನಮ್ಮ ರಸ್ತೆಗೆ ನಡೆಯುತ್ತದೆ, ಅಲ್ಲಿನ ಟ್ರ್ಯಾಕಿಗೆ ನಡೆಯುವುದಿಲ್ಲ. ಸಂಘಟಕರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಸಿಇ 22.06 ಅಥವಾ ಸ್ನೆಲ್ ಗುರುತು ಇರುತ್ತದೆ. ಕೊಳ್ಳುವ ಮೊದಲು ಆ ಪಟ್ಟಿ ತರಿಸಿಕೊಳ್ಳಿ. ವಿಮಾನದಲ್ಲಿ ಹೆಲ್ಮೆಟ್ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿ ಹಾಕಿ ಒಮ್ಮೆ ಬಲವಾಗಿ ಬಿದ್ದರೆ ಅದರ ಕೆಲಸ ಅಲ್ಲಿಗೇ ಮುಗಿಯಿತು.

ಆಸ್ಟ್ರೇಲಿಯಾಕ್ಕೆ ಒಯ್ಯುವವರು ಬ್ರೇಕ್ ಲೈನರ್ ಬದಲಾಯಿಸಬೇಕು ಎನ್ನುತ್ತಾರೆ. ಏಕೆ?

ಆಸ್ಬೆಸ್ಟಾಸ್ ಕಾರಣಕ್ಕೆ. ಅದು ಶಾಖ ತಡೆಯುವ ನಾರಿನ ಖನಿಜ, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಆಸ್ಬೆಸ್ಟಾಸ್ ಇರುವ ಯಾವ ವಸ್ತುವನ್ನೂ ಒಳಗೆ ಬಿಡುವುದಿಲ್ಲ. ಹಳೆಯ ಗಾಡಿಗಳ ಬ್ರೇಕ್ ಶೂ, ಹೆಡ್ ಗ್ಯಾಸ್ಕೆಟ್, ಸೈಲೆನ್ಸರ್ ಬಾಯಿಯ ಗ್ಯಾಸ್ಕೆಟ್, ಕೆಲವು ಕ್ಲಚ್ ಪ್ಲೇಟುಗಳಲ್ಲಿ ಅದು ಇರಬಹುದು. ನಮ್ಮ ದೇಶದಲ್ಲಿ ಅದರ ಬಳಕೆ ಪೂರ್ತಿ ನಿಂತಿಲ್ಲವಾದ್ದರಿಂದ ಮೊನ್ನೆ ಕೊಂಡ ಹೊಸ ಶೂಗೂ ಖಾತರಿಯಿಲ್ಲ. ‘ಇಲ್ಲ’ ಎಂದು ಬಾಯಲ್ಲಿ ಹೇಳಿದರೆ ಗಡಿ ಅಧಿಕಾರಿಗಳು ಒಪ್ಪುವುದಿಲ್ಲ. ಏನು ಬದಲಾಯಿಸಿದಿರಿ, ಯಾವ ವಸ್ತು ಹಾಕಿದಿರಿ ಎಂಬುದಕ್ಕೆ ಬಿಲ್ಲು, ಚಿತ್ರ, ಅಗತ್ಯಬಿದ್ದರೆ ಪ್ರಯೋಗಾಲಯದ ವರದಿ ಬೇಕು. ಹಳೆಯ ಲೈನರನ್ನು ಗ್ಯಾರೇಜಿನಲ್ಲಿ ಉಜ್ಜಿ, ಬಾಯಿಂದ ಊದಿ ಧೂಳು ಹಾರಿಸುವ ಪದ್ಧತಿಯನ್ನು ರೇಸಿಗೆ ಹೋಗದವರೂ ಬಿಡುವುದು ಒಳ್ಳೆಯದು.

## ಸಾಗಣೆ ಮತ್ತು ಕಾಗದ

ಕಾರವಾರದಲ್ಲೇ ಬಂದರಿದೆ. ಇಲ್ಲಿಂದಲೇ ಹಡಗಿಗೆ ಹಾಕಬಹುದಲ್ಲ?

ಬಂದರು ಕಣ್ಣೆದುರಿಗಿದ್ದರೂ ಒಂದು ಬೈಕಿನ ಪೆಟ್ಟಿಗೆ ಹಂಚಿಕೊಂಡ ಕಂಟೇನರಿನಲ್ಲಿ ಹೋಗಬೇಕು. ಅದಕ್ಕೆ ಮುಂಬಯಿಯ ನವ ಶೇವಾ ಅಥವಾ ಚೆನ್ನೈ ವಾಡಿಕೆಯ ದಾರಿ. ವಿಮಾನದಲ್ಲಿ ಕಳುಹಿಸಿದರೆ ಬೇಗ ತಲುಪುತ್ತದೆ, ಖರ್ಚು ಹಲವು ಪಟ್ಟು. ಹೇಗೆ ಕಳುಹಿಸಿದರೂ ಮೋಟಾರ್‌ಸೈಕಲ್ ಅಪಾಯಕಾರಿ ಸರಕಿನ 9ನೆಯ ವರ್ಗಕ್ಕೆ ಸೇರುತ್ತದೆ. ಟ್ಯಾಂಕನ್ನಷ್ಟೇ ಅಲ್ಲ, ಕಾರ್ಬ್ಯುರೇಟರಿನ ಬಟ್ಟಲನ್ನೂ ಖಾಲಿ ಮಾಡಿ, ಮುಚ್ಚಳ ತೆರೆದು ಒಂದು ದಿನ ಗಾಳಿಗೆ ಇಡಿ. ಪೆಟ್ರೋಲ್ ವಾಸನೆ ಬಂದ ಪೆಟ್ಟಿಗೆ ಗೋದಾಮಿನಲ್ಲೇ ಉಳಿಯುತ್ತದೆ.

ಪೆಟ್ಟಿಗೆಯನ್ನು ನಮ್ಮ ಊರಿನ ಬಡಗಿಯಿಂದ ಮಾಡಿಸಬಹುದೇ?

ಮಾಡಿಸಬಹುದು, ಮರದ ವಿಷಯದಲ್ಲಿ ಎಚ್ಚರ ಬೇಕು. ಕೀಟ ಹರಡದಂತೆ ತಡೆಯಲು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಗಟ್ಟಿ ಮರವನ್ನು ಅದರ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂವತ್ತು ನಿಮಿಷ ಇರುವಂತೆ ಕಾಯಿಸಿ, ಅಧಿಕೃತ ಮುದ್ರೆ ಒತ್ತಿರಬೇಕು. ಹಿತ್ತಲಿನ ಹಲಸಿನ ಹಲಗೆ ಎಷ್ಟೇ ಚೆನ್ನಾಗಿದ್ದರೂ ಮುದ್ರೆ ಇಲ್ಲದಿದ್ದರೆ ನಡೆಯುವುದಿಲ್ಲ. ಪ್ಲೈವುಡ್ಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಪ್ಲೈವುಡ್ ಮತ್ತು ಕಬ್ಬಿಣದ ಆ್ಯಂಗಲ್ಲಿನ ಪೆಟ್ಟಿಗೆ ಎಲ್ಲಕ್ಕಿಂತ ನಿರುಪದ್ರವಿ. ಮಡ್‌ಗಾರ್ಡಿನ ಒಳಗಿನ ನಮ್ಮ ಕೆಂಪು ಮಣ್ಣನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಾದರೂ ತೆಗೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಒಂದು ಚಿಟಿಕೆ ಮಣ್ಣಿಗೂ ಪೆಟ್ಟಿಗೆ ತಡೆಹಿಡಿದು ತೊಳೆಸಿ ಬಿಲ್ಲು ಕೊಡುತ್ತಾರೆ.

ಕಾರ್ನೆಟ್ ಎಂದರೇನು? ಎಲ್ಲರೂ ಅದರ ಹೆಸರು ಹೇಳಿ ಹೆದರಿಸುತ್ತಾರೆ.

ಎಟಿಎ ಕಾರ್ನೆಟ್ ಎಂದರೆ ವಸ್ತುವಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಒಯ್ದದ್ದನ್ನು ಮರಳಿ ತರುತ್ತೇನೆ, ಆದ್ದರಿಂದ ಆಮದು ಸುಂಕ ಬೇಡ ಎಂಬ ಭರವಸೆಯ ಪುಸ್ತಕ. ಭಾರತದಲ್ಲಿ ಇದನ್ನು ಕೊಡುವುದು ಎಫ್‌ಐಸಿಸಿಐ ಎಂಬ ವಾಣಿಜ್ಯೋದ್ಯಮ ಸಂಸ್ಥೆಗಳ ಒಕ್ಕೂಟ, ಅವಧಿ ಒಂದು ವರ್ಷ, ಭದ್ರತೆಯಾಗಿ ಹಣ ಅಥವಾ ಬ್ಯಾಂಕ್ ಖಾತರಿ ಇಡಬೇಕು. ನಮ್ಮ ದೇಶದಿಂದ ಹೊರಡುವಾಗ ಮತ್ತು ಮರಳುವಾಗ ಹಳದಿ ಹಾಳೆಗೆ, ಆ ದೇಶದೊಳಗೆ ಹೋಗುವಾಗ ಮತ್ತು ಬಿಡುವಾಗ ಬಿಳಿ ಹಾಳೆಗೆ ಮುದ್ರೆ ಬೀಳಬೇಕು. ಒಂದು ಮುದ್ರೆ ತಪ್ಪಿದರೂ ಗಾಡಿ ಅಲ್ಲೇ ಉಳಿಯಿತೆಂದು ಲೆಕ್ಕ ಹಾಕಿ ಸುಂಕ ಕೇಳುತ್ತಾರೆ. ನೋಂದಣಿ ಇರುವ, ರಸ್ತೆಯಲ್ಲೂ ಓಡಿಸಲಿರುವ ಗಾಡಿಗೆ ಬೇರೆ ಬಗೆಯ ಕಾರ್ನೆಟ್ ಇದೆ, ಅದನ್ನು ಮೋಟಾರು ಸಂಘಗಳು ಕೊಡುತ್ತವೆ. ನಿಮ್ಮ ಉದ್ದೇಶ ರೇಸ್ ಎಂದು ಸ್ಪಷ್ಟವಾಗಿ ಬರೆದು, ಆ ದೇಶ ಯಾವುದನ್ನು ಒಪ್ಪುತ್ತದೆಂದು ಮೊದಲೇ ಕೇಳಿಕೊಳ್ಳಿ.

ಪುಸ್ತಕದ ಜೊತೆಗಿನ ಪಟ್ಟಿಯಲ್ಲಿ ಗಾಡಿ, ಬಿಡಿಭಾಗ, ಸಲಕರಣೆ ಎಲ್ಲವೂ ತೂಕ ಮತ್ತು ಬೆಲೆ ಸಮೇತ ಇರಬೇಕು. ಇಲ್ಲಿ ಜನ ಜಾರುವುದು ಬಿಡಿಭಾಗದಲ್ಲಿ. ಪಟ್ಟಿಯಲ್ಲಿ ಎರಡು ಪಿಸ್ಟನ್ ಎಂದಿದ್ದರೆ ಎರಡೂ ಮರಳಬೇಕು. ಒಂದು ಕರಗಿ ಹಾಳಾಗಿದ್ದರೂ ಅದನ್ನು ಕಸದ ಬುಟ್ಟಿಗೆ ಎಸೆಯದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಎಣ್ಣೆ, ಪ್ಲಗ್ಗಿನಂಥ ಸವೆದುಹೋಗುವ ವಸ್ತುಗಳನ್ನು ಪಟ್ಟಿಗೆ ಸೇರಿಸದೆ ಅಲ್ಲೇ ಕೊಳ್ಳಿ.

ಎಂಜಿನ್ ನಂಬರಿಗೂ ಆರ್‌ಸಿಗೂ ಹೊಂದುವುದಿಲ್ಲ. ಪರವಾಗಿಲ್ಲವೇ?

ಮೂವತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಗುಜರಿಯಿಂದ ತಂದು ಕೂರಿಸಿದ ಎಂಜಿನ್ ನಮ್ಮ ಕಡೆಯ ಎಷ್ಟೋ ಗಾಡಿಗಳಲ್ಲಿದೆ. ಕೆಎ-30, ಕೆಎ-31 ಫಲಕದ ಗಾಡಿಯಾದರೆ ಹೊರಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ದಾಖಲೆ ಸರಿಪಡಿಸಿಕೊಳ್ಳಿ. ಮರಳಿ ಬರುವಾಗ ಕಸ್ಟಮ್ಸ್‌ನವರು ಕೇಳುವುದು ಒಂದೇ: ಹೋದ ಗಾಡಿಯೇ ಬಂದಿದೆಯೇ? ನಂಬರು ಕೆತ್ತಿದ ಜಾಗದ ಗ್ರೀಸು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಡತದಲ್ಲಿಡಿ.

ತಿನ್ನಲು ಏನು ಒಯ್ಯಬಹುದು?

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗಾದರೆ ತಿನ್ನುವ ವಸ್ತು ಏನೇ ಇದ್ದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆಯಿರಿ. ಬರೆದು ತೋರಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಹೆಚ್ಚೆಂದರೆ ಕಸಕ್ಕೆ ಹೋಗುತ್ತದೆ; ಬಚ್ಚಿಟ್ಟದ್ದು ಸಿಕ್ಕಿದರೆ ದಂಡ ಬೀಳುತ್ತದೆ. ಹಲಸಿನ ಹಪ್ಪಳ, ಒಣಮೀನು ಎರಡಕ್ಕೂ ಇದೇ ಮಾತು. ಕವಳದ ಸಂಚಿ ಮನೆಯಲ್ಲೇ ಇರಲಿ.

## ಮುಂದುವರಿದವರಿಗೆ

ಇಲ್ಲಿ ಚೆನ್ನಾಗಿ ಓಡುವ ಗಾಡಿ ಅಲ್ಲಿ ಏಕೆ ಬಿಸಿಯಾಗಿ ಹಿಡಿದುಕೊಳ್ಳುತ್ತದೆ?

ಗಾಳಿ ಬದಲಾಗಿರುತ್ತದೆ. ಕಾರವಾರದ 32 ಡಿಗ್ರಿಯ ತೇವದ ಗಾಳಿಗೆ ಹೊಂದಿಸಿದ ಮೇನ್ ಜೆಟ್ಟು, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಇಂಗ್ಲೆಂಡಿನ 12 ಡಿಗ್ರಿಯ ಬೆಳಗಿಗೆ ಸಾಲದು. ತಣ್ಣನೆಯ ಗಾಳಿ ಸಾಂದ್ರ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ ಕಾಯುತ್ತದೆ. ದೊಡ್ಡ ಜೆಟ್ಟಿನಿಂದ ಆರಂಭಿಸಿ ಒಂದೊಂದೇ ಅಳತೆ ಇಳಿಸುತ್ತ ಬನ್ನಿ, ಸಣ್ಣದರಿಂದ ಏರಿಸುತ್ತ ಹೋಗಬೇಡಿ. ಪೂರ್ತಿ ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ: ತಿಳಿಕಂದು ಇದ್ದರೆ ಸರಿ, ಬೆಳ್ಳಗಿದ್ದರೆ ಅಪಾಯ. ಸಮುದ್ರಮಟ್ಟದ ಕುಮಟಾದಲ್ಲಿ ಹೊಂದಿಸಿದ ಗಾಡಿ ಶಿರಸಿಗೆ ಹತ್ತಿದಾಗ ಮಂಕಾಗುವುದನ್ನು ಕಂಡವರಿಗೆ ಈ ಲೆಕ್ಕದ ಇನ್ನೊಂದು ಮುಖ ಈಗಾಗಲೇ ಗೊತ್ತು.

ಟೂ ಸ್ಟ್ರೋಕ್ ಗಾಡಿಗಳಿಗೆ ಇನ್ನೂ ಒಂದು ಮಾತು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಜಾವಾ, ಯೆಜ್ಡಿಗಳಲ್ಲಿ ಉದ್ದನೆಯ ನೇರ ದಾರಿಯ ಕೊನೆಗೆ ಆ್ಯಕ್ಸಿಲರೇಟರ್ ಮುಚ್ಚಿದ ಕ್ಷಣ ಎಣ್ಣೆಯೂ ನಿಲ್ಲುತ್ತದೆ, ಎಂಜಿನ್ ಮಾತ್ರ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಸೀಜ್ ಆಗುವುದು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳುವುದು, ಬಹಳ ಸಲ ಆಗಲೇ. ವಿಶ್ವ ಚಾಂಪಿಯನ್ ಆಗಿದ್ದ ಬಿಲ್ ಐವಿ 1969ರ ಜುಲೈನಲ್ಲಿ ಪೂರ್ವ ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಸತ್ತದ್ದು ಜಾವಾದ ನಾಲ್ಕು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಹಿಡಿದುಕೊಂಡು. ಎಂಜಿನ್ ಹಿಡಿದ ಕೂಡಲೇ ಒತ್ತಲು ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ.

ರೇಸಿನ ಗಾಡಿಗೆ ಹರಳೆಣ್ಣೆ ಹಾಕುತ್ತಾರಂತೆ, ನಿಜವೇ?

ನಿಜ. ಕ್ಲಾಸಿಕ್ ರೇಸಿನ ಅಂಗಳಕ್ಕೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ಸಿಹಿಸುಟ್ಟ ವಾಸನೆ ಅದರದೇ. ವಿಪರೀತ ಶಾಖದಲ್ಲೂ ಲೋಹಕ್ಕೆ ಅಂಟಿಕೊಂಡಿರುವುದು ಅದರ ಗುಣ. ಹಾಗೆಯೇ ಬಿಟ್ಟರೆ ಗೋಂದಿನಂತೆ ಗಟ್ಟಿಯಾಗುವುದು, ಖನಿಜ ಎಣ್ಣೆಯೊಂದಿಗೆ ಬೆರೆಯದಿರುವುದು ಅವಗುಣ. ತಲೆಗೆ ಹಚ್ಚುವ ಹರಳೆಣ್ಣೆಯನ್ನು ದಯವಿಟ್ಟು ಸುರಿಯಬೇಡಿ. ರೇಸಿಗೆಂದೇ ತಯಾರಿಸಿದ್ದು ಬೇರೆ ಇದೆ. ಈಗಿನ ಒಳ್ಳೆಯ ಸಿಂಥೆಟಿಕ್ ಎಣ್ಣೆ ಇದಕ್ಕಿಂತ ಕಡಿಮೆ ರಗಳೆಯದು ಎಂಬುದು ನನ್ನ ಅಭಿಪ್ರಾಯ, ವಾಸನೆಯ ಅಭಿಮಾನಿಗಳು ಒಪ್ಪುವುದಿಲ್ಲ.

ಪ್ರವಾಸದ ವಿಮೆ ಮಾಡಿಸಿದ್ದೇನೆ. ಸಾಕಲ್ಲವೇ?

ಪಾಲಿಸಿಯ ಸಣ್ಣ ಅಕ್ಷರ ಓದಿ. ಮೋಟಾರು ರೇಸಿನ ಗಾಯಕ್ಕೆ ಪರಿಹಾರವಿಲ್ಲ ಎಂದು ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ. ಅಮೆರಿಕದಲ್ಲಿ ಒಂದು ತೊಡೆಮೂಳೆ ಮುರಿತದ ಬಿಲ್ಲು ನಮ್ಮ ಕಡೆಯ ಒಂದು ತೋಟದ ಬೆಲೆಗೆ ಸಮ. ರೇಸನ್ನು ಹೆಸರಿಸಿ ಒಳಗೊಳ್ಳುವ ಪಾಲಿಸಿ ಬೇಕು, ಅದರಲ್ಲಿ ಆಸ್ಪತ್ರೆಯ ಖರ್ಚಿನ ಜೊತೆ ಊರಿಗೆ ಮರಳಿ ಕರೆತರುವ ಖರ್ಚೂ ಇರಬೇಕು. ಅದು ಸಿಗದಿದ್ದರೆ ಹೋಗಬೇಡಿ. ಈ ಪುಟದಲ್ಲಿ ರಿಯಾಯಿತಿ ಇಲ್ಲದ ಸಲಹೆ ಇದೊಂದೇ. ಮನೆಯವರಿಗೆ ಹೇಗೆ ಹೇಳುವುದು ಎಂದು ಕೇಳುವವರಿಗೂ ಇದೇ ಉತ್ತರ: ಮೊದಲು ಪಾಲಿಸಿಯನ್ನು ಅವರ ಕೈಗೆ ಕೊಡಿ, ಆಮೇಲೆ ಮಾತು ತೆಗೆಯಿರಿ.

ರೇಸ್ ಮುಗಿದ ಮೇಲೆ ಗಾಡಿಯನ್ನು ಅಲ್ಲೇ ಬಿಡಬಹುದೇ, ಮಾರಬಹುದೇ?

ಮುಂದಿನ ವರ್ಷದವರೆಗೆ ನಮ್ಮ ಶೆಡ್ಡಿನಲ್ಲಿ ಇರಲಿ ಎನ್ನುವ ಸ್ನೇಹಿತರು ಸಿಗುತ್ತಾರೆ, ಆ ಔದಾರ್ಯ ಈ ವಲಯದಲ್ಲಿ ಸಾಮಾನ್ಯ. ಆದರೆ ಕಾರ್ನೆಟ್ಟಿನ ವರ್ಷ ಮುಗಿಯುವ ಮೊದಲು ಗಾಡಿ ಆ ದೇಶ ಬಿಡಲೇಬೇಕು. ಬಿಡದಿದ್ದರೆ ನೀವಿಟ್ಟ ಭದ್ರತೆಯಿಂದ ಸುಂಕ ಮುರಿದುಕೊಳ್ಳುತ್ತಾರೆ. ಕಾರ್ನೆಟ್ಟಿನಲ್ಲಿ ಹೋದ ಗಾಡಿಯನ್ನು ಮಾರುವುದೂ ಅದೇ ಸಮಸ್ಯೆ: ಮೊದಲು ಅಲ್ಲಿನ ಸುಂಕ ಕಟ್ಟಿ ಅದನ್ನು ಆಮದು ಎಂದು ಬದಲಾಯಿಸಿಕೊಳ್ಳಬೇಕು. ಮಾರುವ ಯೋಚನೆ ಕಿಂಚಿತ್ತಾದರೂ ಇದ್ದರೆ ಕಾರ್ನೆಟ್ ಮಾಡಿಸದೆ ನೇರ ರಫ್ತಿನ ಕಾಗದದಲ್ಲಿ ಕಳುಹಿಸಿ. ಕಸ್ಟಮ್ಸ್ ಏಜೆಂಟರಿಗೆ ಇದನ್ನು ಮೊದಲೇ ಹೇಳಬೇಕು. ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನಿಗೂ.